ಸಾಕಾನೆ: ಬಂಧನದ ನೈತಿಕತೆ

ಮನುಷ್ಯನ ಹಿಡಿತದಲ್ಲಿ ಬದುಕುವ ಏಷ್ಯಾದ ಆನೆಗೆ ಸಾಕಾನೆ ಎಂದು ಹೆಸರು. ಕರ್ನಾಟಕದಲ್ಲಿ ಇಂಥ ಆನೆಗಳು ದುಬಾರೆ, ಮತ್ತಿಗೋಡು, ಬಳ್ಳೆ, ರಾಮಾಪುರ, ಸಕ್ರೆಬೈಲು ಮುಂತಾದ ಅರಣ್ಯ ಇಲಾಖೆಯ ಬಿಡಾರಗಳಲ್ಲಿ, ಮೃಗಾಲಯಗಳಲ್ಲಿ, ಕೆಲವು ದೇವಸ್ಥಾನ ಮತ್ತು ಮಠಗಳಲ್ಲಿ ಇವೆ. ಹಸು, ಕುರಿ, ನಾಯಿಗಳನ್ನು ಮನುಷ್ಯ ನೂರಾರು ತಲೆಮಾರು ಆಯ್ದು ಬೆಳೆಸಿ ತನ್ನ ಬದುಕಿಗೆ ಒಗ್ಗಿಸಿಕೊಂಡ. ಆನೆಯ ವಿಷಯದಲ್ಲಿ ಇದು ಎಂದೂ ನಡೆಯಲಿಲ್ಲ. ಮೂರು ಸಾವಿರ ವರ್ಷಗಳಿಗೂ ಮಿಕ್ಕಿ ಮನುಷ್ಯನ ಜೊತೆಗಿದ್ದರೂ ಪ್ರತಿಯೊಂದು ಸಾಕಾನೆಯೂ ಸ್ವಭಾವದಲ್ಲಿ ಕಾಡುಪ್ರಾಣಿ. ಅದನ್ನು ಒಂದೊಂದಾಗಿ, ಪ್ರತಿ ಸಲವೂ ಹೊಸದಾಗಿ ಪಳಗಿಸಬೇಕು. ಸಾಕಾನೆಯ ಬಗೆಗಿನ ನೈತಿಕ ಚರ್ಚೆಯೆಲ್ಲ ಈ ಸಂಗತಿಯಿಂದಲೇ ಹೊರಡಬೇಕಾಗುತ್ತದೆ.

ತಳಿ ಬೆಳೆಸದಿರುವುದಕ್ಕೆ ಕಾರಣವಿದೆ. ಆನೆಯ ಗರ್ಭಾವಧಿ 20ರಿಂದ 22 ತಿಂಗಳು; ಹುಟ್ಟಿದ ಮರಿ ಕೆಲಸಕ್ಕೆ ಬರಲು ಹದಿನೈದು ಇಪ್ಪತ್ತು ವರ್ಷ ಬೇಕು. ಅಷ್ಟು ಕಾಲ ಮೇವು ಹಾಕುವುದಕ್ಕಿಂತ ಬೆಳೆದ ಆನೆಯನ್ನು ಕಾಡಿನಿಂದ ಹಿಡಿದು ತರುವುದೇ ರಾಜರಿಗೆ ಅನುಕೂಲವಾಗಿತ್ತು. ಇಪ್ಪತ್ತು ವರ್ಷದ ಆನೆಯನ್ನು ಹಿಡಿಯಬೇಕು, ಮರಿಯನ್ನೂ ರೋಗಿಷ್ಠ ಆನೆಯನ್ನೂ ಗರ್ಭಿಣಿಯನ್ನೂ ಹಿಡಿಯಬಾರದು ಎಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ಮಾನಸೋಲ್ಲಾಸದಲ್ಲಿ ಆನೆ ಹಿಡಿಯುವ ಉಪಾಯಗಳೂ ಪಳಗಿಸುವ ಕ್ರಮಗಳೂ ವಿವರವಾಗಿವೆ. ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿ ಜಿ. ಪಿ. ಸ್ಯಾಂಡರ್ಸನ್ 1874ರಲ್ಲಿ ಹಿಂಡನ್ನೇ ಆವರಣಕ್ಕೆ ಅಟ್ಟಿ ಹಿಡಿಯುವ ಖೆಡ್ಡಾ ನಡೆಸಿ ಯಶಸ್ವಿಯಾದ. ಮುಂದೆ ಕಾಕನಕೋಟೆಯ ಖೆಡ್ಡಾ ಜಗತ್ಪ್ರಸಿದ್ಧವಾಯಿತು. ತಮಟೆ, ಬೆಂಕಿ, ಗದ್ದಲದಿಂದ ಇಡೀ ಹಿಂಡನ್ನು ಬೆದರಿಸಿ ಕಬಿನಿ ನದಿಗೆ ಇಳಿಸಿ, ಮರದ ದಿಮ್ಮಿಗಳ ಆವರಣದೊಳಕ್ಕೆ ನೂಕುವುದನ್ನು ನೋಡಲು ವೈಸರಾಯರೂ ವಿದೇಶಿ ಅತಿಥಿಗಳೂ ಬರುತ್ತಿದ್ದರು. ಈ ನೂಕುನುಗ್ಗಲಿನಲ್ಲಿ ಆನೆಗಳು ಗಾಯಗೊಂಡು ಸಾಯುತ್ತಿದ್ದುದೂ ಉಂಟು. 1970ರ ದಶಕದ ಆರಂಭಕ್ಕೆ ಖೆಡ್ಡಾ ನಿಂತಿತು. ಆ ಕಾಡಿನ ಒಂದು ಭಾಗ ಈಗ ಕಬಿನಿ ಜಲಾಶಯದ ನೀರಿನಡಿ ಇದೆ.

ಈಗ ಹೆಚ್ಚಾಗಿ ಹಿಡಿಯುವುದು ಒಂಟಿ ಪುಂಡಾನೆಗಳನ್ನು. ಅರಿವಳಿಕೆ ಚುಚ್ಚುಮದ್ದನ್ನು ದೂರದಿಂದ ಹಾರಿಸಿ, ಪಳಗಿದ ಆನೆಗಳ ನೆರವಿನಿಂದ ಲಾರಿಗೆ ಹತ್ತಿಸಿ ಬಿಡಾರಕ್ಕೆ ತರುತ್ತಾರೆ. ಅಲ್ಲಿ ದಪ್ಪ ದಿಮ್ಮಿಗಳಿಂದ ಕಟ್ಟಿದ, ಆನೆ ಹೆಚ್ಚು ಅಲುಗಾಡಲು ಆಗದ ಕ್ರಾಲ್ ಎಂಬ ದೊಡ್ಡಿಯೊಳಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಡಲಾಗುತ್ತದೆ. ಮಾವುತ ಮತ್ತು ಅವನ ಸಹಾಯಕನಾದ ಕಾವಾಡಿ ಹೊರಗಿನಿಂದ ಕಬ್ಬು, ಬೆಲ್ಲ, ಸೊಪ್ಪು ಕೊಡುತ್ತ, ಮಾತಾಡಿಸುತ್ತ, ಆಜ್ಞೆಗಳನ್ನು ಕಲಿಸುತ್ತಾರೆ. ಇವರಲ್ಲಿ ಜೇನುಕುರುಬರು ಬಹಳ ಮಂದಿ. ಆನೆಯ ಮನಸ್ಸನ್ನು ಅವರಷ್ಟು ಬಲ್ಲವರು ವಿರಳ. ಅವರ ಅಕ್ಕರೆ ನಿಜವಾದದ್ದು. ಆದರೆ ಆ ಅಕ್ಕರೆ ತಲುಪುವ ಮೊದಲು ಆನೆಯ ಎದುರಿಸುವ ಛಲ ಕುಗ್ಗಿರಬೇಕು. ಹಸಿವು, ಇಕ್ಕಟ್ಟು, ಅಂಕುಶದ ಭಯ ಇಲ್ಲದೆ ಪ್ರಾಯಕ್ಕೆ ಬಂದ ಕಾಡಾನೆ ಪಳಗುವುದಿಲ್ಲ. ಆನೆಯನ್ನು ಪ್ರೀತಿಯಿಂದಷ್ಟೇ ಒಲಿಸಲಾಗಿದೆ ಎಂಬ ಮಾತನ್ನು ಒಪ್ಪುವುದು ಕಷ್ಟ.

ಬಂಧನ ಆನೆಯಿಂದ ಏನನ್ನು ಕಸಿಯುತ್ತದೆ? ಕಾಡಿನಲ್ಲಿ ಹೆಣ್ಣಾನೆ ತಾಯಿ, ಅಕ್ಕತಂಗಿಯರು, ಮಕ್ಕಳೊಂದಿಗೆ ಹಿರಿಯ ಹೆಣ್ಣಾನೆಯ ಮುಂದಾಳುತನದಲ್ಲಿ ಬದುಕುತ್ತದೆ. ದಿನದ ಹೆಚ್ಚಿನ ಹೊತ್ತು ನಡೆಯುತ್ತ ಮೇಯುತ್ತದೆ. ಮನುಷ್ಯರ ಕಿವಿಗೆ ಕೇಳದ ಕಿರುಕಂಪನದ ದನಿಗಳಲ್ಲಿ ದೂರದ ಬಳಗದೊಂದಿಗೆ ಸಂಪರ್ಕ ಇಟ್ಟುಕೊಳ್ಳುತ್ತದೆ. ಇದೆಲ್ಲ ತಪ್ಪಿ ಸಿಮೆಂಟ್ ನೆಲದ ಮೇಲೆ ಸರಪಳಿಯಲ್ಲಿ ನಿಂತರೆ ಅಂಗಾಲು ಕೊಳೆಯುತ್ತದೆ, ಉಗುರು ಬಿರಿಯುತ್ತದೆ, ಕೀಲು ಸವೆಯುತ್ತದೆ. ನಿಂತಲ್ಲೇ ತಲೆಯನ್ನೂ ಸೊಂಡಿಲನ್ನೂ ಎಡೆಬಿಡದೆ ತೂಗುವ ಆನೆ ಸಂಗೀತಕ್ಕೆ ತಲೆದೂಗುತ್ತಿದೆ ಎಂದು ಜನ ಸಂತೋಷಪಡುತ್ತಾರೆ. ಪಶುವೈದ್ಯರಿಗೆ ಅದು ಮನೋಕ್ಲೇಶದ ಲಕ್ಷಣ. ಮನುಷ್ಯರಿಂದ ಕ್ಷಯರೋಗವೂ ಆನೆಗೆ ತಗಲಬಲ್ಲದು.

ಎಲ್ಲ ಬಂಧನವೂ ಒಂದೇ ಅಲ್ಲ ಎಂಬುದಕ್ಕೆ ಗಟ್ಟಿ ಪುರಾವೆ 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಕ್ಕಿತು. ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಏಷ್ಯಾದ ಹೆಣ್ಣಾನೆಗಳ ಮಧ್ಯಮ ಆಯಸ್ಸು 18.9 ವರ್ಷವಾದರೆ, ಮ್ಯಾನ್ಮಾರ್‌ನಲ್ಲಿ ನಾಟಾ ಎಳೆಯುವ ಆನೆಗಳದು 41.7 ವರ್ಷ. ದುಡಿಯುವ ಆನೆ ಆರಾಮವಾಗಿ ಉಂಡಿರುವ ಆನೆಗಿಂತ ಎರಡು ಪಟ್ಟಿಗೂ ಹೆಚ್ಚು ಬದುಕುತ್ತದೆ. ಅದು ರಾತ್ರಿ ಕಾಡಿಗೆ ಹೋಗುತ್ತದೆ, ತನ್ನ ಆಯ್ಕೆಯ ಸೊಪ್ಪು ತಿನ್ನುತ್ತದೆ, ಜೊತೆಗಾರರನ್ನು ಕಾಣುತ್ತದೆ. ನಮ್ಮ ಬಿಡಾರಗಳ ರೂಢಿಯೂ ಬಹುಮಟ್ಟಿಗೆ ಇದೇ: ಸಂಜೆ ಕಾಲಿಗೆ ಸರಪಳಿ ಕಟ್ಟಿ ಕಾಡಿಗೆ ಬಿಡುತ್ತಾರೆ, ಬೆಳಿಗ್ಗೆ ಸರಪಳಿ ಎಳೆದ ಗುರುತು ಹಿಡಿದು ಕಾವಾಡಿ ಹುಡುಕಿ ತರುತ್ತಾನೆ. ಆದರೂ ಮ್ಯಾನ್ಮಾರ್ ದಾಖಲೆಗಳ ಮೇಲೆ 2018ರಲ್ಲಿ ನಡೆದ ಇನ್ನೊಂದು ಅಧ್ಯಯನ ತೋರಿಸಿದಂತೆ, ಕಾಡಿನಿಂದ ಹಿಡಿದು ತಂದ ಆನೆಗಳ ಆಯಸ್ಸು ಬಿಡಾರದಲ್ಲೇ ಹುಟ್ಟಿದವುಗಳಿಗಿಂತ 3ರಿಂದ 7 ವರ್ಷ ಕಡಿಮೆ. ಹಿಡಿದ ದಿನದ ಪೆಟ್ಟು ಬಹುಕಾಲ ಮಾಯುವುದಿಲ್ಲ.

ಈ ದೃಷ್ಟಿಯಿಂದ ದೇವಸ್ಥಾನದ ಒಂಟಿ ಆನೆಯ ಪಾಡು ಅತ್ಯಂತ ದಾರುಣ. ಗಣಪತಿಯ ಪ್ರತಿರೂಪವೆಂದು ಕೈಮುಗಿಯುವ ಭಕ್ತರಿಗೆ ಕೇಡಿನ ಉದ್ದೇಶ ಇರುವುದಿಲ್ಲ. ಆದರೆ ತನ್ನ ಜಾತಿಯ ಇನ್ನೊಂದು ಜೀವವನ್ನು ವರ್ಷಾನುಗಟ್ಟಲೆ ಕಾಣದೆ ನಿಂತ ಪ್ರಾಣಿಗೆ ಆ ಭಕ್ತಿಯಿಂದ ಏನೂ ದಕ್ಕುವುದಿಲ್ಲ. ಕೊಲ್ಹಾಪುರದ ಜ್ಯೋತಿಬಾ ದೇವಸ್ಥಾನದ ಸುಂದರ್ ಎಂಬ ಆನೆಯನ್ನು ನ್ಯಾಯಾಲಯದ ಆದೇಶದಂತೆ 2014ರಲ್ಲಿ ಬನ್ನೇರುಘಟ್ಟಕ್ಕೆ ತರಲಾಯಿತು. 2025ರಲ್ಲಿ ಅದೇ ಜಿಲ್ಲೆಯ ನಾಂದಣಿ ಜೈನ ಮಠದ ಮಹಾದೇವಿ ಎಂಬ ಆನೆಯನ್ನು ನ್ಯಾಯಾಲಯದ ಆದೇಶದಂತೆ ಗುಜರಾತಿನ ಜಾಮ್‌ನಗರದ ಪುನರ್ವಸತಿ ಕೇಂದ್ರಕ್ಕೆ ಸಾಗಿಸಿದಾಗ ಜನ ಬೀದಿಗಿಳಿದು ಅತ್ತರು, ಪ್ರತಿಭಟಿಸಿದರು. ಆ ಕಣ್ಣೀರನ್ನು ಹಗುರವಾಗಿ ಕಾಣಬಾರದು. ಆದರೂ ನ್ಯಾಯಾಲಯ ಆನೆಯ ಹಿತವನ್ನು ಧಾರ್ಮಿಕ ಬಳಕೆಗಿಂತ ಮೇಲೆ ಇಟ್ಟದ್ದು ಸರಿಯಾದ ಕ್ರಮ.

ಕಾನೂನು ಮಾತ್ರ ಇಬ್ಬಗೆಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಆನೆ ಸೇರಿದ್ದು 1977ರಲ್ಲಿ. 2010ರಲ್ಲಿ ಅದು ರಾಷ್ಟ್ರೀಯ ಪರಂಪರೆಯ ಪ್ರಾಣಿಯಾಯಿತು. ಹುಲಿ, ಕರಡಿ, ಕೋತಿ, ಸಿಂಹಗಳ ಪ್ರದರ್ಶನಕ್ಕೆ ಕೇಂದ್ರ ಸರ್ಕಾರ ಹಾಕಿದ ನಿಷೇಧವನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಎತ್ತಿಹಿಡಿಯಿತು. ಆ ಪಟ್ಟಿಯಲ್ಲಿ ಆನೆ ಇರಲಿಲ್ಲ. ಮಾಲೀಕತ್ವದ ಪ್ರಮಾಣಪತ್ರ ಇದ್ದರೆ ಆನೆಯನ್ನು ಇಟ್ಟುಕೊಳ್ಳಬಹುದು, ಮಾರುವಂತಿಲ್ಲ. 2022ರ ತಿದ್ದುಪಡಿ ‘ಧಾರ್ಮಿಕ ಅಥವಾ ಇತರ ಯಾವುದೇ ಉದ್ದೇಶ’ಕ್ಕೆ ಸಾಕಾನೆಯ ಹಸ್ತಾಂತರಕ್ಕೆ ದಾರಿ ತೆರೆಯಿತು. ‘ಇತರ ಯಾವುದೇ’ ಎಂಬ ಸಡಿಲ ಮಾತಿನ ಮರೆಯಲ್ಲಿ ಕಳ್ಳ ವ್ಯಾಪಾರ ನಡೆಯಬಹುದೆಂದು ವನ್ಯಜೀವಿ ತಜ್ಞರು ಎಚ್ಚರಿಸಿದ್ದು ಸಕಾರಣವಾಗಿದೆ. ಹೊರದೇಶದಲ್ಲೂ ಕಾನೂನು ಆನೆಯ ಕೈಹಿಡಿಯದ ಉದಾಹರಣೆ ಇದೆ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹ್ಯಾಪಿ ಎಂಬ ಆನೆ ಕನ್ನಡಿಯಲ್ಲಿ ತನ್ನನ್ನು ತಾನೇ ಗುರುತಿಸಬಲ್ಲದೆಂದು 2006ರಲ್ಲಿ ವಿಜ್ಞಾನಿಗಳು ವರದಿ ಮಾಡಿದ್ದರು. ಅದರ ಬಿಡುಗಡೆಗೆ ಹೂಡಿದ, ಅಕ್ರಮ ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು 2022ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ತಳ್ಳಿಹಾಕಿತು. ಏಳು ನ್ಯಾಯಾಧೀಶರಲ್ಲಿ ಇಬ್ಬರು ಮಾತ್ರ ಆನೆಯ ಪರ ನಿಂತರು.

ಕರ್ನಾಟಕದ ಜನ ಸಾಕಾನೆಯನ್ನು ಹೆಸರಿಟ್ಟು ಬಲ್ಲದ್ದು ದಸರೆಯಿಂದ. 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು ಮನೆಮಾತು. ವಯಸ್ಸು ಅರವತ್ತಾಯಿತೆಂದು ಅರ್ಜುನನಿಗೆ 2020ರಲ್ಲಿ ಅಂಬಾರಿಯಿಂದ ವಿಶ್ರಾಂತಿ ಸಿಕ್ಕಿತು. ಆದರೆ ಕಾಡಾನೆ ಹಿಡಿಯುವ ಕೆಲಸದಿಂದ ಸಿಗಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದ ಕಾರ್ಯಾಚರಣೆಯಲ್ಲಿ ಮದವೇರಿದ ಒಂಟಿ ಸಲಗದೊಡನೆ ಕಾದಾಡುತ್ತ ಅದು ಸತ್ತಿತು. ಭಾರ ಹೊರಲು ಮುಪ್ಪಾದ ಆನೆ ಕಾಳಗಕ್ಕೆ ಹೇಗೆ ಯೋಗ್ಯವಾಯಿತು ಎಂದು ನಾಡಿನ ಜನ ಕೇಳಿದರು.

ಅರ್ಜುನ ಸತ್ತ ಹಾಸನ ಸೀಮೆಯೇ ಈ ಚರ್ಚೆಯ ಕಗ್ಗಂಟು. ಕಾಫಿ ತೋಟಗಳ ನಡುವೆ ಬೀಡುಬಿಟ್ಟ ಆನೆಗಳಿಂದ ಅಲ್ಲಿ ಜನ ಸಾಯುತ್ತಾರೆ, ಬೆಳೆ ಹಾಳಾಗುತ್ತದೆ. ಹೈಕೋರ್ಟ್ ನೇಮಿಸಿದ, ಆನೆ ತಜ್ಞ ರಾಮನ್ ಸುಕುಮಾರ್ ಅಧ್ಯಕ್ಷತೆಯ ಕಾರ್ಯಪಡೆ 2012ರಲ್ಲಿ ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಲು ಶಿಫಾರಸು ಮಾಡಿತು. 2014ರಲ್ಲಿ ಅಲ್ಲಿಂದ 22 ಆನೆಗಳನ್ನು ಹಿಡಿದರು. ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಹಿಡಿದ ಆನೆ ಮತ್ತೆ ಕಾಡಿಗೆ ಹೋಗುವುದು ಅಪರೂಪ, ಹಿಡಿಯುವುದರಿಂದ ತೋಟದವರಿಗೂ ನೆಮ್ಮದಿ ಉಳಿಯಲಿಲ್ಲ. ಈಗ ಹಿಂಡಿನ ಹೆಣ್ಣಾನೆಗಳಿಗೆ ರೇಡಿಯೋ ಕಾಲರ್ ತೊಡಿಸಿ, ಹಿಂಡು ಎಲ್ಲಿದೆ ಎಂಬ ಸುದ್ದಿಯನ್ನು ತೋಟದ ಆಳುಗಳಿಗೂ ಶಾಲೆಯ ಮಕ್ಕಳ ಮನೆಯವರಿಗೂ ಮೊಬೈಲಿನಲ್ಲಿ ಮುಟ್ಟಿಸುವ ಪ್ರಯತ್ನ ಅಲ್ಲಿ ನಡೆಯುತ್ತಿದೆ.