ಹಳೇ ಕಾರಿನ ಹೀಟರ್ ಕಂಪ್ಯೂಟರ್‌ಗೆ ಬಂದ ಕಥೆ

2000ರ ಆಸುಪಾಸಿನ ಅಮೆರಿಕ. ಕಂಪ್ಯೂಟರ್‌ಗೆ ವಾಟರ್ ಕೂಲಿಂಗ್ ಬೇಕು ಅಂದ್ರೆ ರೆಡಿ ಪಾರ್ಟ್ಸ್ ಸಿಗೋದೇ ಅಪರೂಪ. ಹವ್ಯಾಸಿಗಳು ಮೀನಿನ ತೊಟ್ಟಿಯ ಪಂಪ್ ತಂದ್ರು, ಜರ್ಮನಿಯ ಏಹೈಮ್ 1250 ಥರದ್ದು. ರೇಡಿಯೇಟರ್‌ಗೆ? 1977ರ ಪಾಂಟಿಯಾಕ್ ಬಾನ್‌ವಿಲ್ ಕಾರಿನ ಹೀಟರ್ ಕೋರ್! ಎಂಜಿನ್ನಿನ ಬಿಸಿನೀರು ಹರಿಸಿ ಕಾರಿನೊಳಗೆ ಬೆಚ್ಚಗಿಡೋ ಪುಟ್ಟ ರೇಡಿಯೇಟರ್ ಅದು. ಆಟೋ ಪಾರ್ಟ್ಸ್ ಅಂಗಡಿಯಲ್ಲಿ ಅಗ್ಗಕ್ಕೇ ಸಿಕ್ತಿತ್ತು.

ಅಷ್ಟು ಹಳೇ ಕಾರೇ ಯಾಕೆ? ಅದರ ಕೋರ್ ತಾಮ್ರ-ಹಿತ್ತಾಳೆಯದು. ಹೊಸ ಕಾರುಗಳದ್ದು ಹೆಚ್ಚಾಗಿ ಅಲ್ಯೂಮಿನಿಯಂ. ಪ್ರೊಸೆಸರ್ ಮೇಲೆ ಕೂರೋ ಬ್ಲಾಕ್ ತಾಮ್ರದ್ದು. ಎರಡೂ ಲೋಹ ಒಂದೇ ನೀರಲ್ಲಿದ್ರೆ ಬ್ಯಾಟರಿ ಥರ ಆಗಿ ಅಲ್ಯೂಮಿನಿಯಂ ಸವೆಯುತ್ತೆ. ಆಮೇಲೆ ಲೀಕ್, ಅದೂ ಮದರ್‌ಬೋರ್ಡ್ ಪಕ್ಕದಲ್ಲೇ!

ಅಗ್ಗದ ಅಲ್ಯೂಮಿನಿಯಂ ರೇಡಿಯೇಟರ್ ಇವತ್ತಿಗೂ ಆನ್‌ಲೈನ್‌ನಲ್ಲಿ ಸಿಗುತ್ತೆ. ಕಾರ್ಟ್‌ಗೆ ಹಾಕೋ ಮುಂಚೆ ಯಾವ ಲೋಹ ಅಂತ ಓದಿ. ಆರ್‌ಜಿಬಿ ಲೈಟ್ ಆಮೇಲೆ ನೋಡೋಣ.