ಸುಲ್ತಾನ್ ಬತ್ತೇರಿ: ನೀರಿನ ದಾರಿಗೊಂದು ಕಾವಲು

ಕೋಟೆ ಎಂದೊಡನೆ ನಮ್ಮ ಭಾಗದವರ ಕಣ್ಣಮುಂದೆ ಬರುವುದು ಕಲಬುರಗಿ, ಬೀದರಿನ ಕೋಟೆಗಳು. ನೆಲದ ಮೇಲೆ ಬರುವ ಶತ್ರುವನ್ನು ತಡೆಯಲು ಕಟ್ಟಿದವು ಅವು. ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿ ಮಾತ್ರ ನೀರಿನ ದಾರಿಯನ್ನು ಕಾಯಲೆಂದು ಎದ್ದು ನಿಂತದ್ದು. ಗುರುಪುರ ನದಿಯ ದಂಡೆಯಲ್ಲಿ ಕರಿಕಲ್ಲಿನ ಈ ಪುಟ್ಟ ಕಟ್ಟಡವನ್ನು ಟಿಪ್ಪು ಸುಲ್ತಾನರು 1784ರಲ್ಲಿ ಕಟ್ಟಿಸಿದರು. ಶತ್ರುವಿನ ಹಡಗುಗಳು ನದಿಯೊಳಗೆ ನುಗ್ಗಬಾರದೆಂಬುದು ಉದ್ದೇಶ. ಗೋಡೆಯ ಸುತ್ತ ಗುಂಡು ಹಾರಿಸುವ ಕಂಡಿಗಳು, ಕೆಳಗೆ ಮದ್ದು ಸಂಗ್ರಹಿಸುವ ನೆಲಮಾಳಿಗೆ.

ಈ ಕಾವಲಿನ ಅಗತ್ಯ ಅನುಭವದಿಂದ ಬಂದದ್ದು. 1763ರಲ್ಲಿ ಬಿದನೂರು ಕೈವಶವಾದಾಗ ಹೈದರಾಲಿಗೆ ಮಂಗಳೂರು ಬಂದರೂ ದೊರೆಯಿತು. ಅವರು ಅದನ್ನು ನೌಕಾನೆಲೆಯಾಗಿ ಬೆಳೆಸಿದರು. 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಅಲ್ಲಿದ್ದ ಹೈದರನ ಹಡಗುಗಳನ್ನು ನಾಶಮಾಡಿದ. 1783ರಲ್ಲಿ ಕಡಲ ದಾರಿಯಾಗಿಯೇ ಬಂದಿಳಿದ ಕಂಪನಿಯ ಸೈನ್ಯ ಬಿದನೂರನ್ನೂ ಮಂಗಳೂರನ್ನೂ ಹಿಡಿಯಿತು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಟಿಪ್ಪು ಊರನ್ನು ಮರಳಿ ಪಡೆದರು. 1784ರ ಮಾರ್ಚ್ 11ರಂದು ಅಲ್ಲಿಯೇ ಮಂಗಳೂರು ಒಪ್ಪಂದವಾಯಿತು.

ನೆಲದಲ್ಲಿ ಗೆದ್ದರೂ ಕಡಲು ಕೈಯಲ್ಲಿಲ್ಲದಿದ್ದರೆ ಗೆಲುವು ಉಳಿಯದೆಂಬುದು ಟಿಪ್ಪುವಿಗೆ ಮನದಟ್ಟಾಗಿತ್ತು. 1796ರಲ್ಲಿ ಅವರು 'ಮೀರ್ ಯಮ್' ಎಂಬ 11 ನೌಕಾಧಿಕಾರಿಗಳ ಮಂಡಳಿಯನ್ನು ರಚಿಸಿ 40 ಯುದ್ಧನೌಕೆಗಳ ಯೋಜನೆ ಹಾಕಿದರು. ಹಡಗು ಕಟ್ಟುವ ಕೇಂದ್ರಗಳಲ್ಲಿ ಮಂಗಳೂರೂ ಒಂದು. ಆದರೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆ ಕನಸೂ ಮುಗಿಯಿತು.

ಇಂದು ಬತ್ತೇರಿ ಪ್ರವಾಸಿಗರ ತಾಣ. ಮೆಟ್ಟಿಲೇರಿದರೆ ನದಿ, ದೋಣಿಗಳು, ಎದುರಿಗೆ ತಣ್ಣೀರುಬಾವಿಯ ದಂಡೆ. ನೋಟ ಮನಮೋಹಕವೇ. ಬಂದವರು ಚಿತ್ರ ತೆಗೆದುಕೊಂಡು ಇಳಿದುಬಿಡುತ್ತಾರೆ. ಈ ಕಂಡಿಗಳು ಯಾರತ್ತ ಮುಖಮಾಡಿದ್ದವು ಎಂದು ಕೇಳುವವರು ಎಷ್ಟು ಜನ?

ಕೇಳಿದರೆ ಉತ್ತರ ಪೂರ್ತಿಯಾಗಿಯೇ ಇರಬೇಕು. ಬತ್ತೇರಿ ಎದ್ದ ಅದೇ 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ರೈಸ್ತ ಕುಟುಂಬಗಳನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ದಾರಿಯಲ್ಲಿ, ಸೆರೆಯಲ್ಲಿ ಅನೇಕರು ಸತ್ತರು. ಬದುಕುಳಿದ ಹಲವರು ಮರಳಿದ್ದು 1799ರ ನಂತರ. ಟಿಪ್ಪುವನ್ನು ಗೌರವಿಸುವ ನಾವು ಈ ಮಾತನ್ನು ನುಂಗಿಕೊಳ್ಳಬೇಕಾಗಿಲ್ಲ. ನೆರೆಯವರ ನೋವನ್ನು ಒಪ್ಪಿಕೊಂಡರೆ ಅವರ ದೂರದೃಷ್ಟಿ ಕಿರಿದಾಗುವುದಿಲ್ಲ. ಹಾಗೆಯೇ, ಆ ನೋವಿನ ಹೆಸರಿನಲ್ಲಿ ಕನ್ನಡ ನಾಡಿನ ಕಡಲ ರಕ್ಷಣೆಗೆ ಅವರು ಪಟ್ಟ ಶ್ರಮವನ್ನು ಅಳಿಸುವುದೂ ನ್ಯಾಯವಲ್ಲ.

ಪರಂಪರೆಯ ತಾಣವೆಂದರೆ ಉದ್ಯಾನ, ದೀಪ, ಕುಳಿತುಕೊಳ್ಳುವ ಕಟ್ಟೆಯಷ್ಟೇ ಅಲ್ಲ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಮೇಷ್ಟ್ರು ಎರಡೂ ಕತೆಗಳನ್ನು ಹೇಳಲಿ. ನಮ್ಮ ಮನೆಗಳಲ್ಲಿ ನಾವೂ ಹೇಳೋಣ. ಕಲ್ಲನ್ನು ಸರ್ಕಾರ ಕಾಯಬಹುದು, ನೆನಪನ್ನು ಕಾಯಬೇಕಾದವರು ನಾವೇ.