ಕಲ್ಯಾಣದ ವಿವಾಹ ಮತ್ತು ಕಲಿಕೆಯ ಸಿದ್ಧಾಂತಗಳು

ಸಮಾಜದಲ್ಲಿ ಬೇರೂರಿದ ಕಟ್ಟಳೆಯೊಂದನ್ನು ಯಾರಾದರೂ ಎಲ್ಲರ ಕಣ್ಣೆದುರಿನಲ್ಲಿ ಮೀರಿದಾಗ ಕೆಲವರು ಕೆರಳುತ್ತಾರೆ, ಕೆಲವರು ಮೌನ ತಾಳುತ್ತಾರೆ, ಕೆಲವರು ಮೀರಿದವರ ಬೆಂಬಲಕ್ಕೆ ನಿಲ್ಲುತ್ತಾರೆ. ಈ ಭೇದಕ್ಕೆ ಮನಶ್ಶಾಸ್ತ್ರದ ಕಲಿಕೆಯ ಸಿದ್ಧಾಂತಗಳು ಕೊಡುವ ವಿವರಣೆಯನ್ನು ಬೀದರ ಜಿಲ್ಲೆಯ ಇತಿಹಾಸಕ್ಕೆ ಸೇರಿದ ಒಂದು ಪ್ರಸಂಗಕ್ಕೆ ಅನ್ವಯಿಸಿ ನೋಡಲು ಇಲ್ಲಿ ಯತ್ನಿಸಿದ್ದೇವೆ.

ಹಲಬರ್ಗಾ, ಭಾಲ್ಕಿಗಳ ಸೀಮೆಗೆ ನೆರೆಯದಾದ ಕಲ್ಯಾಣವು 12ನೆಯ ಶತಮಾನದಲ್ಲಿ ಕಳಚುರಿ ಬಿಜ್ಜಳನ ವಶದಲ್ಲಿತ್ತು. ಸಮಗಾರ ಕುಲದ ಶರಣ ಹರಳಯ್ಯನ ಮಗನಿಗೆ ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸನ ಮಗಳನ್ನು ಕೊಟ್ಟು ವಿವಾಹ ಮಾಡಲಾಯಿತೆಂದೂ, ಸಂಪ್ರದಾಯಸ್ಥರ ದೂರಿನ ಮೇಲೆ ಬಿಜ್ಜಳನು ತಂದೆಯರಿಬ್ಬರಿಗೂ ಬಹಿರಂಗವಾಗಿ ಘೋರ ದಂಡನೆ ವಿಧಿಸಿದನೆಂದೂ ಪರಂಪರೆ ಹೇಳುತ್ತದೆ. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆ ಮುಗಿಯಿತು, ಶರಣರು ಚದುರಿದರು. ಈ ವೃತ್ತಾಂತಕ್ಕೆ ಮುಖ್ಯ ಆಧಾರ ಅನಂತರದ ಕಾವ್ಯ ಪುರಾಣಗಳು. ವಿವರಗಳಲ್ಲಿ ಅವುಗಳೊಳಗೆ ಏಕವಾಕ್ಯತೆಯಿಲ್ಲ. ಜನಮನದಲ್ಲಿ ಉಳಿದ ಪಾಠವಾಗಿ ಮಾತ್ರ ಅದನ್ನು ಇಲ್ಲಿ ಪರಿಗಣಿಸುತ್ತೇವೆ.

ಪಾವ್ಲೋವನ ಅನುಬಂಧನ ಸಿದ್ಧಾಂತವನ್ನು ಇಲ್ಲಿಗೆ ವಿಸ್ತರಿಸಿದರೆ, ಬಾಲ್ಯದಿಂದ ಮುಟ್ಟು–ಮೈಲಿಗೆಯ ಅಂಜಿಕೆಯೊಡನೆ ಹೆಣೆದುಕೊಂಡು ಬಂದ ವಸ್ತುವನ್ನು ಕಂಡೊಡನೆ ಜುಗುಪ್ಸೆ ತಾನಾಗಿ ಏಳುತ್ತದೆ. ಅದಕ್ಕೆ ವಿಚಾರದ ಅಪ್ಪಣೆ ಬೇಕಿಲ್ಲ. ಥಾರ್ನ್‌ಡೈಕನ ಪರಿಣಾಮ ನಿಯಮದಂತೆ, ತೃಪ್ತಿಕರ ಫಲ ತಂದ ನಡತೆ ನೆಲೆಗೊಳ್ಳುತ್ತದೆ. ದೂರು ಕೊಟ್ಟವರಿಗೆ ತಮ್ಮ ಬಳಗದ ಮನ್ನಣೆಯಿತ್ತು. ಶರಣರ ಗೋಷ್ಠಿಯಲ್ಲಿಯಾದರೋ ಮನ್ನಣೆಯ ಅಳತೆಗೋಲೇ ಬೇರೆ. ಅಲ್ಲಿ ಕುಲವನ್ನೆಣಿಸುವುದೇ ತಪ್ಪು. ಒಂದೇ ವಿವಾಹವು ಒಬ್ಬರಿಗೆ ಅಪರಾಧವಾಗಿಯೂ ಇನ್ನೊಬ್ಬರಿಗೆ ಧರ್ಮವಾಗಿಯೂ ತೋರಿದ್ದು ಹೀಗೆ.

ದಂಡನೆಯ ಪ್ರಶ್ನೆ ಇದಕ್ಕಿಂತ ಗಹನವಾದುದು. 1965ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಲ್ಬರ್ಟ್ ಬಂಡೂರಾ 66 ಮಕ್ಕಳಿಗೆ, ಗೊಂಬೆಯೊಂದನ್ನು ಬಡಿಯುವವನ ಚಿತ್ರ ತೋರಿಸಿದನು. ಅವನಿಗೆ ಶಿಕ್ಷೆಯಾದುದನ್ನು ಕಂಡ ಮಕ್ಕಳು ಅವನನ್ನು ಕಡಮೆ ಅನುಕರಿಸಿದರು. ಆದರೆ ನೋಡಿದುದನ್ನು ಮಾಡಿ ತೋರಿಸಿದರೆ ಬಹುಮಾನವುಂಟೆಂದಾಗ ಆ ವ್ಯತ್ಯಾಸ ಅಳಿಯಿತು. ಶಿಕ್ಷೆಯು ಆಚರಣೆಯನ್ನು ತಡೆದಿತ್ತೇ ಹೊರತು ಕಲಿಕೆಯನ್ನಲ್ಲ.

ಕಲ್ಯಾಣದ ಉತ್ತರ ಚರಿತ್ರೆಗೆ ಈ ಸೂತ್ರ ಬಹುಮಟ್ಟಿಗೆ ಒಪ್ಪುತ್ತದೆ. ಅಂಥ ವಿವಾಹ ರೂಢಿಯಾಗಲಿಲ್ಲ. ಶರಣರ ಅನುಯಾಯಿಗಳಲ್ಲಿಯೇ ಒಳಪಂಗಡಗಳು ಬೆಳೆದು ಕೊಳುಕೊಡುಗೆ ಅವುಗಳೊಳಗೆ ಸೀಮಿತವಾಯಿತು. ಆದರೆ ಪಾಠ ಅಳಿಯಲಿಲ್ಲ. 15ನೆಯ ಶತಮಾನದ ಸಂಕಲನಕಾರರು ವಚನಗಳನ್ನು ಕಲೆಹಾಕಿದರು. 20ನೆಯ ಶತಮಾನದಲ್ಲಿ ಫ. ಗು. ಹಳಕಟ್ಟಿಯವರು ಅವನ್ನು ಅಚ್ಚಿಗೆ ತಂದರು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಉರ್ದು ರಾಜಭಾಷೆಯಾಗಿದ್ದ ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸಿದರು, ಜಾತಿಭೇದವನ್ನು ವಿರೋಧಿಸಿದರು. 1954ರ ವಿಶೇಷ ವಿವಾಹ ಕಾಯಿದೆ ಬಂದ ಮೇಲೆ, ಹಿಂದೆ ದಂಡನೆಗೆ ಗುರಿಯಾದ ಕಾರ್ಯಕ್ಕೆ ಶಾಸನದ ರಕ್ಷಣೆ ದೊರೆಯಿತು. ಆದರೂ ಇಂದಿಗೂ ಅಲ್ಲಲ್ಲಿ ಅಂತರ್ಜಾತೀಯ ದಂಪತಿಗಳ ಮೇಲೆ ಹಿಂಸೆ ನಡೆಯುವುದನ್ನು ನೋಡಿದರೆ, ಕಾಯಿದೆ ಬದಲಾದ ಮಾತ್ರಕ್ಕೆ ಹಳೆಯ ಅನುಬಂಧನ ಕಳಚುವುದಿಲ್ಲವೆಂಬುದು ಸ್ಪಷ್ಟ.

ಈ ಸಿದ್ಧಾಂತಗಳಿಗೂ ಒಂದು ಮೇರೆಯುಂಟು. ನೋಡಿದವರು ಹೇಗೆ ಕಲಿತರೆಂಬುದನ್ನು ಅವು ತಿಳಿಸುತ್ತವೆ. ಅನುಕರಿಸಲು ಮಾದರಿಯಾಗಲಿ, ಎದುರಿಗೆ ಬಹುಮಾನವಾಗಲಿ ಇಲ್ಲದಿದ್ದಾಗ ಹರಳಯ್ಯ ಮಧುವರಸರು ಮೊದಲ ಹೆಜ್ಜೆಯನ್ನು ಹೇಗೆ ಇಟ್ಟರೆಂಬುದನ್ನು ಪೂರ್ಣವಾಗಿ ತಿಳಿಸಲಾರವು. ಅದನ್ನರಿಯಲು ಅವರ ಶ್ರದ್ಧೆಯ ಸ್ವರೂಪವನ್ನು ವಚನಗಳಲ್ಲಿಯೇ ಅರಸಬೇಕಾಗುತ್ತದೆ. ಇಲ್ಲಿ ಮನಶ್ಶಾಸ್ತ್ರಜ್ಞನಿಗೆ ಇತಿಹಾಸಕಾರನ ನೆರವು ಅವಶ್ಯ.